ಹಳ್ಳದ ದಂಡೆಯ ಹುಳಕ್ಕೆ ಜೊತೆಯಾದವರಿಗೆ

ವಿಜ್ಞಾನ ಪತ್ರಿಕೆಗೆ ಕಳಿಸಿದ್ದ ನಮ್ಮ ಲೇಖನ ಕೊನೆಗೂ ಒಪ್ಪಿಗೆಯಾಯಿತು. ಶಿರಸಿ ಹತ್ತಿರದ ಒಂದು ಅಡಿಕೆ ತೋಟದ ಹಳ್ಳದಂಡೆಯಲ್ಲಿ ಸಿಕ್ಕ ರೋವ್ ಜೀರುಂಡೆಯನ್ನು (ಗಿಡ್ಡ ಮೇಲ್ರೆಕ್ಕೆಯ ಜೀರುಂಡೆ) ಈವರೆಗೆ ಯಾರೂ ವಿವರಿಸಿಲ್ಲ ಎಂದು ಪರಿಶೀಲಕರೂ ಒಪ್ಪಿದ್ದಾರೆ. ಹೆಸರೇನಿಟ್ಟಿರಿ ಅಂತ ಮಾತ್ರ ಈಗಲೇ ಕೇಳಬೇಡಿ. ಲೇಖನ ಅಚ್ಚಾಗುವ ಮೊದಲೇ ಹೆಸರು ಹೊರಬಿದ್ದರೆ ನಾಮಕರಣದ ನಿಯಮದಲ್ಲಿ ಅದು ಸಲ್ಲುವುದಿಲ್ಲ, ಸುಮ್ನೆ ಗೊಂದಲ. ಥ್ಯಾಂಕ್ಸ್ ಹೇಳುವುದಕ್ಕೆ ಅಂಥ ನಿಯಮವೇನಿಲ್ಲ, ಅಲ್ವಾ? ಲೇಖನದ ಕೊನೆಯಲ್ಲಿ ಅದಕ್ಕೆ ಸಿಗುವುದು ನಾಲ್ಕು ಸಾಲು, ಅದೂ ಇಂಗ್ಲಿಷಿನಲ್ಲಿ. ಯಾರಿಗೆ ಹೇಳಬೇಕೋ ಅವರು ಅದನ್ನು ಓದುವುದೇ ಇಲ್ಲ.

ಮೊದಲು ತೋಟದ ಮನೆಯವರಿಗೆ. ಮಳೆಯಲ್ಲಿ ಕಾಲಿಗೆ ಉಂಬಳ ಹತ್ತಿಸಿಕೊಂಡು, ದರಕು, ಅಂದರೆ ಉದುರಿದ ಒಣ ಎಲೆ, ಜರಡಿ ಹಿಡಿಯುತ್ತ ಕೂತವನನ್ನು ಒಂದು ಮಾತೂ ಆಡದೆ ಒಳಗೆ ಬಿಟ್ಟರು. ಆಮೇಲೆ ತಂಬುಳಿ ಅನ್ನಕ್ಕೂ ಕರೆದರು. ಆದರೆ ಹುಳ ಹೊಸದಿರಬಹುದು ಎಂದಾಗ ಯಜಮಾನರ ಮುಖ ಸ್ವಲ್ಪ ಗಂಭೀರವಾಯಿತು. "ನಾಳೆ ಇದೇ ನೆಪಕ್ಕೆ ನಮ್ಮ ಸೊಪ್ಪಿನ ಬೆಟ್ಟಕ್ಕೆ ಬೇಲಿ ಬಿದ್ದರೆ?" ನ್ಯಾಯವಾದ ಪ್ರಶ್ನೆಯೇ. ತೋಟದ ಗೊಬ್ಬರಕ್ಕೆ ಸೊಪ್ಪು, ದರಕು ಬರುವುದೇ ಬೆಟ್ಟದಿಂದ. ಹುಳಕ್ಕೆ ಹೆಸರಿಟ್ಟ ಮಾತ್ರಕ್ಕೆ ಜಾಗ ಯಾರ ಕೈಗೂ ಹೋಗುವುದಿಲ್ಲ, 2002ರ ಜೀವವೈವಿಧ್ಯ ಕಾಯ್ದೆ ಹೇಳುವುದು ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು ಅಂತ, ಎಂದು ವಿವರಿಸಿದೆ. ಅವರು ಕಾಯ್ದೆಯನ್ನು ನಂಬಿದರೋ ನನ್ನನ್ನು ನಂಬಿದರೋ, ತೋಟದ ಬಾಗಿಲು, ದಣಪೆಯನ್ನಂತೂ ತೆರೆದೇ ಇಟ್ಟರು.

ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ಬೇರೆ ಭಯ. ಮಳೆ ಶುರುವಾದ ಮೇಲೆ ಟ್ಯೂಬ್‌ಲೈಟಿಗೆ ಬಂದು, ಮೈಮೇಲೆ ಜಜ್ಜಿದರೆ ಸುಟ್ಟ ಹಾಗೆ ಬೊಬ್ಬೆ ಎಬ್ಬಿಸುವ ಕೆಂಪು-ಕಪ್ಪು ಹುಳ ಇದೆಯಲ್ಲ, ಅದೇ ಇದು ಅಂದುಕೊಂಡಿದ್ದರು. ಅದೂ ರೋವ್ ಜೀರುಂಡೆಯೇ, ಪೀಡೆರಸ್ ಅಂತ. ಕಚ್ಚುವುದಿಲ್ಲ; ಅದರ ರಕ್ತದಲ್ಲಿ ಪೀಡೆರಿನ್ ಎಂಬ ವಿಷ ಇದೆ. ಅಂಥದ್ದು ಮೈಮೇಲೆ ಕೂತರೆ ಹೊಡೆಯಬೇಡಿ, ಊದಿ ಬಿಡಿ. ನಮ್ಮದು ಸ್ಟೀನಸ್ ಕುಲದ್ದು, ಯಾರ ತಂಟೆಗೂ ಬರುವುದಲ್ಲ. ಐದು ಮಿಲಿಮೀಟರ್ ಕೂಡ ಇಲ್ಲ. ತಲೆಯ ತುಂಬ ಕಣ್ಣು. ಗಿಡ್ಡ ಅಂಗಿ ತೊಟ್ಟ ಹಾಗೆ ಅರ್ಧಕ್ಕೇ ಮುಗಿಯುವ ಮೇಲ್ರೆಕ್ಕೆ, ಹಿಂದೆ ಹೊಟ್ಟೆಯೆಲ್ಲ ಹೊರಗೆ. ಬೇಟೆ ಹತ್ತಿರ ಬಂದರೆ ಕೆಳತುಟಿಯನ್ನು ಚಿಮ್ಮಿಸಿ, ಅದರ ತುದಿಯ ಅಂಟಿಗೆ ಹಿಡಿದು ಎಳೆದುಕೊಳ್ಳುತ್ತದೆ. ಈ ಕುಲದ ಹುಳ ನೀರಿಗೆ ಬಿದ್ದರೆ ಹಿಂದಿನಿಂದ ಒಂದು ದ್ರವ ಬಿಟ್ಟು, ಕಾಲಾಡಿಸದೆ ಸೊಂಯ್ಯನೆ ಜಾರಿಹೋಗುತ್ತದೆ. ಇದನ್ನು ತೋರಿಸಿದ ಮೇಲೆ ಭಯ ಹೋಯಿತು. ಹುಳ ಹುಡುಕುವುದರಲ್ಲಿ ನನಗಿಂತ ಅವರೇ ಚುರುಕಾದರು.

ಅದು ಎಷ್ಟು ದೊಡ್ಡ ಸಹಾಯ ಅಂತ ಹೇಳಲೇಬೇಕು. ಸ್ಟೀನಸ್ ಕುಲ ಒಂದರಲ್ಲೇ 3,000ಕ್ಕೂ ಜಾಸ್ತಿ ಪ್ರಭೇದಗಳಿವೆ. ಎಷ್ಟೋ ಪ್ರಭೇದಗಳು ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಬೇರೆ ಎನ್ನಲು ಗಂಡು ಹುಳದ ಜನನಾಂಗದ ಆಕಾರ ನೋಡಬೇಕು. ನನಗೆ ಮೊದಲ ಮಳೆಗಾಲದಲ್ಲಿ ಸಿಕ್ಕಿದ್ದೆಲ್ಲ ಹೆಣ್ಣು! ಎರಡನೆಯ ಮಳೆಗಾಲದಲ್ಲಿ ಆ ಹೆಂಗಸರಲ್ಲೊಬ್ಬರು "ಕತ್ತಲಾದ ಮೇಲೆ ಬನ್ನಿ, ಎಲೆ ಮೇಲೆ ಹತ್ತಿರುತ್ತವೆ" ಎಂದರು. ಟಾರ್ಚ್ ಹಿಡಿದು ಹೋದರೆ ಹಳ್ಳದ ಬದಿಯ ಜರೀಗಿಡಗಳ ಮೇಲೆ ನಿಜಕ್ಕೂ ಇದ್ದವು. ಅವುಗಳಲ್ಲಿ ಗಂಡೂ ಇದ್ದವು. ಗಂಡು ಹುಳವನ್ನು ನೆನೆಹಾಕಿ, ಹೊಟ್ಟೆಯ ತುದಿ ಬಿಡಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಂಗವನ್ನು ಸೂಜಿಮೊನೆಯಲ್ಲಿ ತೆಗೆದು ಗ್ಲಿಸರಿನ್ ಹನಿಯಲ್ಲಿಡುವಾಗ ಫ್ಯಾನ್ ಹಾಕುವ ಹಾಗಿಲ್ಲ, ಸೀನುವ ಹಾಗಿಲ್ಲ. ಮನೆಯಲ್ಲಿ ಎಲ್ಲರೂ ಸೆಖೆಯಲ್ಲಿ ಬೇಯುತ್ತ ಸುಮ್ಮನಿದ್ದರು. ಅವರಿಗೂ ಒಂದು ದೊಡ್ಡ ನಮಸ್ಕಾರ.

ಹೋಲಿಸಿ ನೋಡಲು ಹಳೆಯ ಮಾದರಿಗಳ ಫೋಟೋ ತೆಗೆದು ಕಳಿಸಿದ ಸಂಗ್ರಹಾಲಯದವರನ್ನು ಮರೆಯುವ ಹಾಗಿಲ್ಲ. ಭಾರತದ ಈ ಹುಳಗಳ ವಿಷಯಕ್ಕೆ ಈಗಲೂ ಮೊದಲು ತೆರೆಯುವುದು ಮಾಲ್ಕಮ್ ಕ್ಯಾಮೆರಾನ್ 1930ರಿಂದ 1939ರವರೆಗೆ ಹೊರತಂದ ಸಂಪುಟಗಳನ್ನೇ. ವೃತ್ತಿಯಲ್ಲಿ ನೌಕಾಪಡೆಯ ವೈದ್ಯ ಆತ. ಆದರೆ ಬರೀ ವಿವರಣೆ ಓದಿ ಇದು ಅದಲ್ಲ ಎಂದು ಹೇಳಲು ಧೈರ್ಯ ಬರುವುದಿಲ್ಲ, ಮಾದರಿಯನ್ನೇ ನೋಡಬೇಕು. ಚಿತ್ರ ಬರೆದುಕೊಟ್ಟ ಗೆಳೆಯ ಒಂದೊಂದು ರೋಮಕ್ಕೂ ನನ್ನೊಡನೆ ಜಗಳ ಆಡಿದ. ಹೆಚ್ಚಿನ ಸಲ ಅವನೇ ಸರಿ. ಪರಿಶೀಲಕರಲ್ಲಿ ಒಬ್ಬರು ಖಾರವಾಗಿ ಬರೆದರು, ಲೇಖನ ಅದರಿಂದ ಚೆನ್ನಾಯಿತು.

ಮುಂದಿನ ಮಳೆಗಾಲಕ್ಕೆ ಕುಮಟಾ, ಹೊನ್ನಾವರ ಕಡೆಯ ಹಳ್ಳಗಳನ್ನು ನೋಡುವ ಆಸೆ ಇದೆ. ತೋಟದಲ್ಲಿ ವರ್ಷವಿಡೀ ನೀರು ಹರಿಯುವ ಹಳ್ಳ ಇರುವವರು ದಯವಿಟ್ಟು ತಿಳಿಸಿ. ರಾತ್ರಿ ಟಾರ್ಚ್ ಹಿಡಿದು ಓಡಾಡುತ್ತೇನೆ, ನಾಯಿ ಕಟ್ಟಿದರೆ ಸಾಕು. ಊಟ ಹಾಕಬೇಕೆಂದೇನಿಲ್ಲ, ಹಾಕಿದರೆ ಬೇಡ ಅನ್ನುವುದಿಲ್ಲ.