ಒಂದು ದಿನದ ಹಾಜರಿಗೆ ದೊಡ್ಡ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ನಮ್ಮ ಸಾರ್ವಜನಿಕ ಆರೋಗ್ಯ ಶಿಕ್ಷಣ ಸಮ್ಮೇಳನ ಅಂತೂ ಮುಗಿಯಿತು. ಎರಡು ದಿನ ನಡೆಯಿತು, ಮೈಕ್ ಕೈಕೊಟ್ಟಿದ್ದು ಒಂದೇ ಸಲ. ಇಲ್ಲಿ ಯಾರ ಹೆಸರನ್ನೂ ಹಾಕುತ್ತಿಲ್ಲ. ಒಬ್ಬರನ್ನು ಮರೆತರೂ ನನಗೆ ರಾತ್ರಿ ನಿದ್ದೆ ಬರಲ್ಲ, ಮೊದಲೇ ನಿದ್ದೆ ಬಾಕಿ ಇದೆ.

ಹೋದ ವರ್ಷದ ಕಥೆ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಒಂದು ಕಡೆಯಿಂದ ಹಣ ಬರುತ್ತದೆ ಅಂತ ನಂಬಿ ಕೂತಿದ್ದೆವು. ಕೊನೇ ವಾರದಲ್ಲಿ ಆಗಲ್ಲ ಅಂದುಬಿಟ್ಟರು. ಅಷ್ಟರಲ್ಲಿ ಬ್ಯಾನರ್ ಪ್ರಿಂಟ್ ಆಗಿತ್ತು, ಬರುತ್ತೇನೆ ಅಂದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಬರಬೇಡಿ ಅಂತ ಹೇಳಬೇಕಾಯಿತು. ಆ ಒಂದು ಸಂಜೆ ಸಾಕಪ್ಪಾ. ಬ್ಯಾನರ್ ಮಾತ್ರ ಎಸೆಯಲಿಲ್ಲ, ಈ ಸಲ ತಾರೀಕಿನ ಮೇಲೆ ಕಾಗದ ಅಂಟಿಸಿ ಅದನ್ನೇ ಕಟ್ಟಿದೆವು. ಹತ್ತಿರ ಹೋದವರಿಗೆ ಗೊತ್ತಾಗಿರಬಹುದು.

ಈ ವರ್ಷ ನೇರವಾಗಿ ನಮ್ಮ ಸ್ಥಳೀಯ ಆಡಳಿತದ ಬಾಗಿಲು ತಟ್ಟಿದೆವು. ಸಭಾಂಗಣ ಬಾಡಿಗೆ ಇಲ್ಲದೆ ಕೊಟ್ಟರು. ನೀರಿನ ಟ್ಯಾಂಕರ್ ಕಳಿಸಿದರು. ಕರಪತ್ರ ಅವರೇ ಅಚ್ಚು ಹಾಕಿಸಿದರು. ಎಲ್ಲದಕ್ಕೂ ಮನಸಾರೆ ಥ್ಯಾಂಕ್ಸ್. ಆದರೆ ಇದೆಲ್ಲ ಕಷ್ಟಪಟ್ಟರೆ ಬೇರೆ ಕಡೆಯಿಂದಲೂ ಸಿಗುತ್ತಿತ್ತು. ಅವರೊಬ್ಬರೇ ಕೊಡಬಹುದಾಗಿದ್ದ ಒಂದಿತ್ತು, ಅದನ್ನೂ ಕೊಟ್ಟರು: ಹಾಜರಿ. ಪೌರಕಾರ್ಮಿಕರು, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರು, ನೀರು ಬಿಡುವ ವಾಲ್ವ್‌ಮನ್‌ಗಳು, ಇವರಲ್ಲಿ ಅರ್ಧ ಜನರಿಗೆ ಮೊದಲ ದಿನ, ಉಳಿದವರಿಗೆ ಎರಡನೇ ದಿನ ಓಓಡಿ ಹಾಕಿ, ಅಂದರೆ ಬೇರೆ ಕಡೆ ಡ್ಯೂಟಿಯಲ್ಲಿದ್ದಾರೆ ಅಂತ ಹಾಜರಿ ಬರೆದು, ಕಳಿಸಿದರು. ಸಂಬಳ ಕಟ್ ಆಗಲಿಲ್ಲ, ರಜೆಯೂ ಹೋಗಲಿಲ್ಲ, ಊರಿನ ಕೆಲಸವೂ ನಿಲ್ಲಲಿಲ್ಲ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತೀರಾ? ನಾನು ನೋಡಿದ ಇಂಥ ಸಭೆಗಳಲ್ಲಿ ಡಾಕ್ಟರುಗಳು ಡಾಕ್ಟರುಗಳಿಗೆ ಹೇಳಿ, ಡಾಕ್ಟರುಗಳೇ ಚಪ್ಪಾಳೆ ತಟ್ಟಿ ಎದ್ದು ಹೋಗುವುದೇ ಜಾಸ್ತಿ. ಈ ಸಲ ಡೆಂಗಿ ಬಗ್ಗೆ ಮಾತು ನಡೆಯುತ್ತಿತ್ತು. ಈಡಿಸ್ ಸೊಳ್ಳೆ ನೀರಿನ ಅಂಚಿಗೆ, ಡ್ರಮ್ಮಿನ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ, ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತುಂಬಿದರೆ ಒಡೆಯುತ್ತದೆ, ಸುಮಾರು ಒಂದು ವಾರ ಹತ್ತು ದಿನಕ್ಕೆ ಸೊಳ್ಳೆಯಾಗಿ ಹಾರುತ್ತದೆ, ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿ ಅಂತ ಹೇಳುತ್ತಿದ್ದರು. ಹಿಂದಿನ ಸಾಲಿನಿಂದ ಒಬ್ಬ ಕಾರ್ಯಕರ್ತೆ ಎದ್ದು ನಿಂತರು. "ಸರ್, ನಲ್ಲಿಯಲ್ಲಿ ನೀರು ಯಾವಾಗ ಬರುತ್ತೆ ಅಂತಾನೇ ಗೊತ್ತಿಲ್ಲದವರಿಗೆ ಇರೋ ನೀರು ಚೆಲ್ಲಿ ಅಂದ್ರೆ ಚೆಲ್ತಾರಾ? ನಮ್ಮನ್ನೇ ಬೈದು ಕಳಿಸ್ತಾರೆ."

ಸಭೆ ಸುಮ್ಮನಾಯಿತು. ನೀರಿನ ವಿಭಾಗದ ಅಧಿಕಾರಿ ಅಲ್ಲೇ ಮುಂದೆ ಕೂತಿದ್ದರು. ಉದ್ಘಾಟನೆ ಮುಗಿಸಿ ಹೋಗಿಬಿಡುತ್ತಾರೆ ಅಂದುಕೊಂಡಿದ್ದೆ, ಹೋಗಿರಲಿಲ್ಲ, ಅದಕ್ಕೇ ಒಂದು ಪ್ರತ್ಯೇಕ ನಮಸ್ಕಾರ. ಅವರು ಎದ್ದು ವಾಲ್ವ್‌ಮನ್‌ಗಳನ್ನೇ ಕೇಳಿದರು, ನೀರು ಬಿಡುವ ದಿನ ಮೊದಲೇ ಹೇಳೋಕೆ ಆಗುತ್ತಾ ಅಂತ. ಪೈಪ್ ಒಡೆಯದಿದ್ದರೆ ಆಗುತ್ತೆ ಅಂದರು. ಅಷ್ಟೇ ಮಾತು. ಮಧ್ಯಾಹ್ನದೊಳಗೆ ಕರಪತ್ರದ ಸಾಲು ಬದಲಾಯಿತು. "ವಾರಕ್ಕೊಮ್ಮೆ ನೀರು ಚೆಲ್ಲಿ" ಇದ್ದಿದ್ದು "ನೀರು ಬರುವ ಹಿಂದಿನ ದಿನ ಡ್ರಮ್ಮಿನ ಒಳಗೋಡೆ ಉಜ್ಜಿ ತೊಳೆಯಿರಿ, ತುಂಬಿದ ಮೇಲೆ ಬಟ್ಟೆ ಕಟ್ಟಿ ಮುಚ್ಚಿ, ನಡುವೆ ಒಂದು ವಾರಕ್ಕಿಂತ ಜಾಸ್ತಿ ಬಿಡಬೇಡಿ" ಅಂತಾಯಿತು. ಉದ್ದ ಆಯಿತು, ನಿಜ. ಆದರೆ ಮಾಡೋಕಾಗುವ ಮಾತು, ಅಲ್ವಾ?

ನಾಯಿ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಲಸಿಕೆಗೆ ಹೋಗಬೇಕು ಅನ್ನುವುದನ್ನು ಗಡಿಯಾರ ಇಟ್ಟು ತೋರಿಸಿದೆವು. ಐದು ನಿಮಿಷಕ್ಕೇ ಜನ ಆಯ್ತಾ ಆಯ್ತಾ ಅನ್ನತೊಡಗಿದರು. 15 ನಿಮಿಷ ಎಷ್ಟು ಉದ್ದ ಅಂತ ನನಗೂ ಅವತ್ತೇ ಗೊತ್ತಾಗಿದ್ದು. ಟ್ಯಾಂಕರ್ ನೀರು ಅಲ್ಲಿ ಉಪಯೋಗಕ್ಕೆ ಬಂತು.

ಒಬ್ಬರು ಜಾನ್ ಸ್ನೋ ಕಥೆ ಹೇಳಿದರು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದಾಗ ಕೈಪಂಪಿನ ನೀರೇ ಕಾರಣ ಅಂತ ಕಂಡುಹಿಡಿದ ಡಾಕ್ಟರು. ಎಲ್ಲರೂ ಅವರನ್ನು ಹೊಗಳುತ್ತಾರೆ, ಸರಿಯೇ. ನನಗೆ ಮಾತ್ರ ಯಾವಾಗಲೂ ನೆನಪಾಗುವುದು ಅಲ್ಲಿನ ಸ್ಥಳೀಯ ಮಂಡಳಿಯವರು. ಡಾಕ್ಟರ ಮಾತಿನ ಮೇಲೆ ಅವರಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಆದರೂ ಕೇಳಿಸಿಕೊಂಡರು, ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿಕೆ ಕಿತ್ತಿಸಿದರು. ರೋಗ ಆಗಲೇ ಇಳಿಮುಖ ಆಗಿತ್ತು, ಅದು ಬೇರೆ ಮಾತು. ಅದಕ್ಕೂ ಮೂರು ವರ್ಷ ಮೊದಲು, 1851ರಲ್ಲಿ, 12 ದೇಶಗಳ ಡಾಕ್ಟರುಗಳೂ ರಾಜತಾಂತ್ರಿಕರೂ ಪ್ಯಾರಿಸ್ಸಿನಲ್ಲಿ ಸೇರಿ ಇಂಥವೇ ರೋಗಗಳ ಬಗ್ಗೆ ತಿಂಗಳುಗಟ್ಟಲೆ ಸಮ್ಮೇಳನ ಮಾಡಿ, ಹೇಳಿಕೊಳ್ಳುವಂಥ ಫಲ ಇಲ್ಲದೆ ಎದ್ದಿದ್ದರು. ನಮ್ಮದು ಎರಡೇ ದಿನ, ಒಂದು ಕರಪತ್ರವಾದರೂ ಬದಲಾಯಿತು! ತಮಾಷೆಗೆ ಹೇಳಿದೆ, ಬೈಯಬೇಡಿ.

ಕುರ್ಚಿ ಹಾಕಿದ ಹುಡುಗರು, ಮೈಕಿನವರು, ಎರಡೂ ದಿನ ಕೊನೆಗೆ ಉಳಿದು ಹಾಲ್ ಗುಡಿಸಿದವರು, ಪುಕ್ಕಟೆಯಾಗಿ ಬಂದು ಮಾತಾಡಿದ ಡಾಕ್ಟರುಗಳು, ನಿಮಗೆಲ್ಲ ಋಣಿ. ಹೋದ ವರ್ಷ ನಾನು ಬರಬೇಡಿ ಅಂದ ಮೇಲೂ ಈ ವರ್ಷ ಬಂದವರಿಗೆ ಇನ್ನೂ ಜಾಸ್ತಿ.

ಎರಡು ಕೊಡೆ, ಒಂದು ಕನ್ನಡಕ ಹಾಲ್‌ನಲ್ಲಿ ಸಿಕ್ಕಿವೆ, ನನ್ನ ಹತ್ತಿರ ಇವೆ. ಕೀ ವಾಪಸ್ ಕೊಡೋಕೆ ಸೋಮವಾರ ಆಫೀಸಿಗೆ ಹೋಗುತ್ತಿದ್ದೇನೆ. ನೀರು ಬಿಡುವ ದಿನಗಳ ಪಟ್ಟಿ ಅವತ್ತೇ ಅಲ್ಲಿನ ಗೋಡೆಗೆ ಅಂಟಿಸುತ್ತೇವೆ ಅಂದಿದ್ದಾರೆ. ಫೋಟೋ ತೆಗೆದು ಹಾಕುತ್ತೇನೆ.