ಹೊದಿಕೆ ಕೊಡವುವ ವಿಷಯ

ಕೂಸೇ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಮಳೆಗೆ ಲಕೋಟೆ ಅರ್ಧ ತೊಯ್ದಿತ್ತು. ಬೇಲಿ ತಕರಾರು, ನಿನ್ನ ಅಮ್ಮನ ಮಂಡಿನೋವು, ಅದೆಲ್ಲ ಫೋನಿನಲ್ಲಿ ಮಾತಾಡೋಣ. ನಾನು ಬರೆಯಲು ಕೂತಿದ್ದು ಒಂದೇ ಸಾಲಿಗೋಸ್ಕರ. "ನಮ್ಮ ಪುಟ್ಟ ಇದ್ದಾನಲ್ಲ, ಜೇಡ ಕಂಡಲ್ಲೆಲ್ಲ ಕೈ ಹಾಕ್ತಾನೆ ಮಾವ. ನಾನು ರಾತ್ರಿ ಎರಡೆರಡು ಸಲ ಎದ್ದು ಅವನ ಹೊದಿಕೆ ಕೊಡವ್ತೀನಿ" ಅಂತ ಬರೆದಿದ್ದೀಯಲ್ಲ, ಅದು. ಓದಿದ ಮೇಲೆ ಊಟ ಸೇರಲಿಲ್ಲ. ಅತ್ತೆ ಕೇಳಿದ್ದಕ್ಕೆ ಸುಮ್ನೆ, ಹೊಟ್ಟೆ ಸರಿಯಿಲ್ಲ ಅಂದೆ.

ಕಚ್ಚುವುದೇ ಇಲ್ಲ ಅಂತ ನಾನು ಹೇಳಿದರೆ ನೀನು ನಂಬುವುದಿಲ್ಲ. ನಂಬಲೂಬಾರದು. ಹೆಚ್ಚುಕಡಿಮೆ ಎಲ್ಲ ಜೇಡಕ್ಕೂ ವಿಷ ಇದೆ. ಆದರೆ ಅದು ನೊಣ, ಜಿರಲೆಗೆ ಸಾಕಾಗುವಷ್ಟು. ಮನೆಯೊಳಗೆ ಓಡಾಡುವ ಸಣ್ಣಪುಟ್ಟವಕ್ಕೆ ನಮ್ಮ ಚರ್ಮ ತೂತು ಮಾಡುವುದೇ ಕಷ್ಟ. 25 ವರ್ಷದ ಮೇಲಾಯಿತು ನಾನು ಇವುಗಳ ಹಿಂದೆ ಬಿದ್ದು. ಕಚ್ಚಿಸಿಕೊಂಡಿದ್ದು ಒಂದು ಸಲ. ಗೋಡೆ ಮೇಲೆ ಅಂಗೈ ಅಗಲಕ್ಕೆ ಕಾಲು ಚಾಚಿ ಕೂರುತ್ತದಲ್ಲ, ಬಲೆ ಕಟ್ಟದೆ ಜಿರಲೆ ಹಿಡಿಯುವುದು, ಅದು. ಅಡಿಕೆ ಚೀಲದೊಳಗೆ ನೋಡದೆ ಕೈ ತುರುಕಿದ್ದೆ. ಪಾಪದ್ದು, ಮಡಿಕೆಯಲ್ಲಿ ಸಿಕ್ಕಿಕೊಂಡು ಇನ್ನೇನು ಮಾಡೀತು? ಕಡಜ ಹೊಡೆದಷ್ಟೂ ಉರಿಯಲಿಲ್ಲ. ಸಂಜೆ ಹಾಲು ಕರೆಯುವ ಹೊತ್ತಿಗೆ ಮರೆತೇ ಹೋಗಿತ್ತು.

ಇಷ್ಟು ಓದಿದರೂ ನೀನು ಇವತ್ತು ರಾತ್ರಿ ಏಳುತ್ತೀಯ. ಯಾಕೆ ಅಂತ ನಿನಗೆ ನೆನಪಿದೆಯೋ ಇಲ್ಲವೋ. ನನಗಿದೆ.

1994ರ ಚೌತಿ. ನಿನಗೆ ಆಗ 6 ವರ್ಷ. ಅತ್ತೆಯ ಕುತ್ತಿಗೆಯಿಂದ ಭುಜದ ತನಕ ಬರೆ ಎಳೆದ ಹಾಗೆ ಗುಳ್ಳೆ ಎದ್ದಿತ್ತು. ಜೇಡ ಉಚ್ಚೆ ಹೊಯ್ದಿದ್ದು ಅಂತ ಮನೆಯವರೆಲ್ಲ ತೀರ್ಮಾನ ಮಾಡಿದರು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನು. ಆ ರಾತ್ರಿ ಬಚ್ಚಲುಮನೆಗೆ ಹೋದರೆ ಹಂಡೆಯ ಮೇಲಿನ ಗೋಡೆಯಲ್ಲಿ ಒಂದು ದೊಡ್ಡ ಜೇಡ. ಹೊಟ್ಟೆಯಡಿ ಹಳೇ ರೂಪಾಯಿ ನಾಣ್ಯದಷ್ಟು ಅಗಲದ, ಬಿಳಿಚಿಕೊಂಡ ಬಿಲ್ಲೆಯಂಥದ್ದು. ಹಿಡಿಸೂಡಿ ತೆಗೆದುಕೊಂಡು ಬಾರಿಸಿದೆ. ಬಿಲ್ಲೆ ಒಡೆಯಿತು. ಅದರೊಳಗಿನ ಮರಿಗಳು, ಸಾಸಿವೆಗಿಂತ ಸಣ್ಣವು, ಗೋಡೆ ತುಂಬಾ ಹರಡಿಕೊಂಡವು. ನಾನು ಹಂಡೆಯ ಕುದಿನೀರನ್ನು ಚೊಂಬಿನಲ್ಲಿ ಮೊಗೆದು ಮೊಗೆದು ಎರಚಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ನೀನು. ಅಳಲಿಲ್ಲ. ಗೋಡೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದೆ. ಊರಿಗೆ ಹೋಗುವ ತನಕ ಮೂರು ರಾತ್ರಿ "ಮಾವ, ಹೊದಿಕೆ ಕೊಡವು" ಅಂತ ಎಬ್ಬಿಸಿದೆ. ನಾನು ನಗುತ್ತಾ ಕೊಡವಿದೆ. ಮಕ್ಕಳಾಟ ಅಂದುಕೊಂಡೆ.

ಆಮೇಲೆ ಎರಡು ಮೂರು ವರ್ಷಕ್ಕೆ ನನ್ನದೇ ಮೊಣಕೈ ಮಡಿಕೆಯಲ್ಲಿ ಅಂಥದೇ ಗುಳ್ಳೆ. ಮೇಲೊಂದು, ಕೆಳಗೊಂದು, ಕನ್ನಡಿ ಹಿಡಿದ ಹಾಗೆ. ಶಿವಮೊಗ್ಗದ ಚರ್ಮದ ಡಾಕ್ಟರು ನೋಡಿದ ತಕ್ಷಣ, "ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಕೂರ್ತೀರಾ?" ಅಂತ ಕೇಳಿದರು. ಜೇಡ ಅಲ್ಲವೇ ಅಲ್ಲವಂತೆ. ಮಳೆಗಾಲದಲ್ಲಿ ದೀಪಕ್ಕೆ ಬರುವ ಒಂದು ದುಂಬಿ. ನೋಡಲು ಉದ್ದ ಇರುವೆಯ ಹಾಗೆ, ಮೈಯೆಲ್ಲ ಕಿತ್ತಳೆ-ಕಪ್ಪು ಪಟ್ಟೆ, ಒಂದು ಸೆಂಟಿಮೀಟರೂ ಇರುವುದಿಲ್ಲ. ಅದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಮೈಮೇಲೆ ಕೂತಿದ್ದನ್ನು ನಾವೇ ಉಜ್ಜಿ ಸಾಯಿಸುತ್ತೇವೆ. ಅದರ ರಸ ತಾಗಿದಲ್ಲಿ ಒಂದು ದಿನ ಬಿಟ್ಟು ಗುಳ್ಳೆ. ಮೊಣಕೈ ಮಡಚಿದಾಗ ಎರಡೂ ಕಡೆ ಅಂಟುತ್ತದೆ, ಅಷ್ಟೇ.

ಬಸ್ಸಿನಲ್ಲಿ ವಾಪಸ್ ಬರುವಾಗ ಬಚ್ಚಲಿನ ಗೋಡೆಯೇ ಕಣ್ಣಮುಂದೆ. ಹವ್ಯಾಸ ಅಂತ ನೀವೆಲ್ಲ ತಮಾಷೆ ಮಾಡುತ್ತೀರಲ್ಲ, ಅದು ಶುರುವಾಗಿದ್ದು ನಾಚಿಕೆಯಿಂದ. ನಿನಗೆ ಆಗಲೇ ಒಂದು ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ. ದೊಡ್ಡವರು ಚಿಕ್ಕವರ ಹತ್ತಿರ ತಪ್ಪಾಯ್ತು ಅನ್ನುವ ರೂಢಿ ನಮ್ಮ ಮನೆಯಲ್ಲಿ ಎಲ್ಲಿತ್ತು ಹೇಳು.

ಹೊದಿಕೆಗೆ ಬರುತ್ತೇನೆ. ಜೇಡಕ್ಕೆ ನಮ್ಮ ಹಾಸಿಗೆಯಲ್ಲಿ ಕೆಲಸವಿಲ್ಲ, ಕೂಸೇ. ನಮ್ಮ ರಕ್ತ ಅದಕ್ಕೆ ಬೇಡ. ಬೆಂಗಳೂರಿನ ನಿನ್ನ ಮನೆಯಲ್ಲಿ ಇರುವುದು ಬಹುಶಃ ಎರಡು ಮೂರು ಬಗೆ. ಸೂರಿನ ಮೂಲೆಯಲ್ಲಿ ಉದ್ದ ಕಾಲಿನದು, ಮುಟ್ಟಿದರೆ ಬಲೆ ಸಮೇತ ಗಡಗಡ ನಡುಗುತ್ತದೆ. ಅದರ ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಕಚ್ಚಿಕೊಂಡು ನೇತಾಡುತ್ತಿರುತ್ತದೆ. ಇನ್ನೊಂದು ಗೋಡೆ ಮೇಲೆ ಟಣ್ಣಂತ ಹಾರುವ ಚಿಕ್ಕದು. ಪುಟ್ಟನಿಗೆ ಅದನ್ನೇ ತೋರಿಸು. ಎಂಟು ಕಣ್ಣಲ್ಲಿ ಮುಂದಿನ ಎರಡು ದೊಡ್ಡವು. ನೀವು ಪಕ್ಕಕ್ಕೆ ಸರಿದರೆ ಅದೂ ತಿರುಗಿ ನಿಮ್ಮನ್ನೇ ನೋಡುತ್ತದೆ. ಅಷ್ಟು ಚಿಕ್ಕ ಪ್ರಾಣಿ ನಮ್ಮನ್ನು ನೋಡುತ್ತಿದೆ ಅಂತ ಗೊತ್ತಾದ ದಿನ ನಾನು ಅಂಗಳದಲ್ಲಿ ಅರ್ಧ ಗಂಟೆ ಕೂತುಬಿಟ್ಟಿದ್ದೆ.

ಇಲ್ಲಿ ಮಾವಿನ ಮರದಲ್ಲಿ ಕೆಂಪು ಚಗಳಿ ಇರುವೆಯ ಸಾಲಿನ ಪಕ್ಕ ಒಂದು ಕಳ್ಳ ಜೇಡ ಇದ್ದಾನೆ. ಚಗಳಿಯದೇ ಬಣ್ಣ, ಅದೇ ಸಣ್ಣ ಸೊಂಟ. ಕಾಲು ಎಣಿಸಿದರೆ ಮಾತ್ರ ಸಿಕ್ಕಿಬೀಳುತ್ತಾನೆ. ಮುಂದಿನ ಎರಡನ್ನು ಇರುವೆ ಮೀಸೆಯ ಹಾಗೆ ಎತ್ತಿ ಆಡಿಸುತ್ತಾನೆ. ನಿಜವಾದ ಚಗಳಿ ಎದುರು ಬಂದರೆ ಎಲೆಯ ಹಿಂದಕ್ಕೆ ಜಾರಿಕೊಳ್ಳುತ್ತಾನೆ. ಪುಟ್ಟ ಬಂದಾಗ ಎಣಿಸಲಿ. ನೋಡು, ಎಲ್ಲಿಗೋ ಹೋದೆ.

ನಾನೇನು ಡಾಕ್ಟರಲ್ಲ, ಬುದ್ಧಿ ಹೇಳುವ ಮುಖವೂ ನನಗಿಲ್ಲ. ಆದರೂ. ಕೈ ಹಾಕಬೇಡ ಅಂತ ಅವನಿಗೆ ಹೇಳು, ಆದರೆ ಕಿರುಚಬೇಡ. ಲೋಟ ಬೋರಲು ಹಾಕಿ, ಕೆಳಗೆ ಹಳೇ ಲಗ್ನಪತ್ರಿಕೆ ತೂರಿಸಿದರೆ ಯಾವುದನ್ನು ಬೇಕಾದರೂ ಹೊರಗೆ ಬಿಡಬಹುದು. ಶೂ ಹಾಕುವ ಮುಂಚೆ ಒಮ್ಮೆ ಕೊಡವಲಿ, ಅದು ಒಳ್ಳೆಯದೇ. ಕಚ್ಚಿತು ಅಂತಾದರೆ ಸೋಪು ಹಾಕಿ ತೊಳೆದು ತಣ್ಣನೆ ಬಟ್ಟೆ ಇಡು. ಊತ ಏರುತ್ತಾ ಹೋದರೆ, ಮೈ ಹಿಡಿದುಕೊಂಡರೆ, ಉಸಿರು ಕಟ್ಟಿದರೆ ನಾಟಿ ಔಷಧಿ ಅಂತ ಕೂರದೆ ಆಸ್ಪತ್ರೆಗೆ ಓಡು. ನಮ್ಮ ಕಡೆ ಮರದ ಪೊಟರೆಯಲ್ಲಿ ಮೈತುಂಬ ರೋಮದ ದೊಡ್ಡ ಜಾತಿ ಇದೆ. ಅದು ಕಚ್ಚಿದರೆ ಸ್ನಾಯು ಸೆಟೆದು ದಿನಗಟ್ಟಲೆ ನೋಯುತ್ತದೆ. ಪೊಟರೆಗೆ ಬೆರಳು ಹಾಕದ ಹಾಗೆ ಇಲ್ಲಿ ನಾನು ನೋಡಿಕೊಳ್ಳುತ್ತೇನೆ. ಮಳೆಗಾಲ ಮುಗಿಯುವ ತನಕ ಅವನ ಮಂಚದ ಮೇಲಿನ ಟ್ಯೂಬ್‌ಲೈಟ್ ಬೇಗ ಆರಿಸು. ಕುತ್ತಿಗೆ ಮೇಲೆ ಹುಳ ಕೂತರೆ ಉಜ್ಜದೆ ಊದಿಬಿಡಲಿ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೋ ಏನೋ.

ನೀನು ರಾತ್ರಿ ಏಳುವುದನ್ನು ಅವನು ಎಚ್ಚರವಿದ್ದು ನೋಡಿರಬಹುದಾ? ಇದೊಂದು ನನಗೆ ಬಿಡದೆ ಕೊರೆಯುತ್ತಿದೆ. ಮಕ್ಕಳು ಜೇಡ ನೋಡುವುದಿಲ್ಲ, ನಮ್ಮ ಮುಖ ನೋಡುತ್ತವೆ. ನೀನು ನೋಡಿದ್ದೆಯಲ್ಲ.

ಈಗ ಬಚ್ಚಲುಮನೆಯಲ್ಲಿ ಒಬ್ಬಳು ಇದ್ದಾಳೆ. ಅದೇ ಜಾತಿ, ಹೆಚ್ಚುಕಡಿಮೆ ಅದೇ ಜಾಗ. ಹೋದ ಸೋಮವಾರದಿಂದ ಬಿಲ್ಲೆ ಹಿಡಿದುಕೊಂಡು ಓಡಾಡುತ್ತಿದ್ದಾಳೆ. ಒಳಗೆ 200 ಮರಿಯಾದರೂ ಇದ್ದಾವು. ಅತ್ತೆ ಬೈಯುತ್ತಾ ಬೈಯುತ್ತಾ ಆ ಕಡೆ ನೀರು ಹಾರದ ಹಾಗೆ ಸ್ನಾನ ಮಾಡುತ್ತಾಳೆ.

ಚೌತಿಗೆ ಬನ್ನಿ. ಮೆತ್ತಿನ ಮೇಲೆ ಮೂರು ಹಾಸಿಗೆ ಹಾಸಿರುತ್ತೇನೆ. ಹೊದಿಕೆ ಎಲ್ಲ ನಾನೇ ಕೊಡವಿಟ್ಟಿರುತ್ತೇನೆ. ರಾತ್ರಿ ನೀನು ಏಳಬೇಡ. ಏಳಲೇಬೇಕು ಅನ್ನಿಸಿದರೆ ನನ್ನನ್ನು ಎಬ್ಬಿಸು.

ನಿನ್ನ ಮಾವ