ಮಗಳಿಗೊಂದು ಪತ್ರ: ಹುಲಿಯ ಮುಂದೆ ಬೋರಲು ಮಲಗಿದ ಚಿನ್ನು

ಮೈಸೂರು
ಭಾನುವಾರ

ಚಿ. ಸೌ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತಿಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿತ್ತು. "ಡಿಸೆಂಬರ್‌ನಲ್ಲಿ ಬಂದಾಗ ಚಿನ್ನೂನ ಜಗನ್ಮೋಹನ ಅರಮನೆಗೆಲ್ಲ ಕರ್ಕೊಂಡು ಹೋಗೋದು ಬೇಡಮ್ಮ. ಅವನು ಏನೂ ನೋಡಲ್ಲ, ಸುಮ್ನೆ ಓಡಾಡ್ತಾನೆ. ಇಲ್ಲಿನ ಮ್ಯೂಸಿಯಂಗಳಲ್ಲೇ ಸಾಕಾಗಿದೆ" ಅಂದೆ. ಅಷ್ಟರಲ್ಲಿ ಹಾಲು ಉಕ್ಕಿತು. ಮಾತು ಅಲ್ಲಿಗೇ ನಿಂತಿತು. ಈಗ ಬಿಡುವಾಗಿ ಕೂತು ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಇಷ್ಟುದ್ದ ಕಳಿಸಿದರೆ ನೀನು ಓದುವವಳಲ್ಲ, ಗೊತ್ತು ನನಗೆ.

ಅವನು ಏನೂ ನೋಡಲ್ಲ ಅನ್ನುವುದು ಸುಳ್ಳು. ಅದಕ್ಕೆ ನಾನೇ ಸಾಕ್ಷಿ.

ಹೋದ ವರ್ಷ ಲಂಡನ್ನಿಗೆ ಬಂದಿದ್ದಾಗ ಒಂದು ದಿನ ನಾನೂ ಅವನೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿದ್ದೆವಲ್ಲ. ಸಂಜೆ ನೀನು ಆಫೀಸಿಂದ ಬಂದು "ಏನೇನು ನೋಡಿದ್ರಿ?" ಅಂದೆ. "ಹುಲಿ" ಅಂದ. "ಮತ್ತೆ?" ಅಂದೆ. "ಹುಲಿ" ಅಂದ. ನೀನು ನನ್ನ ಮುಖ ನೋಡಿದೆ. ಅಷ್ಟು ದೂರ ಟ್ಯೂಬ್‌ನಲ್ಲಿ ಹೋಗಿ, ಅಷ್ಟು ದೊಡ್ಡ ಮ್ಯೂಸಿಯಂನಲ್ಲಿ ಒಂದು ಹುಲೀನಾ ಅನ್ನುವ ಹಾಗಿತ್ತು ನಿನ್ನ ನೋಟ. ಹೌದು, ಒಂದೇ ಹುಲಿ. ಅದನ್ನು ಅವನು ಹೇಗೆ ನೋಡಿದ ಅಂತ ನಿನಗೆ ಹೇಳಿಯೇ ಇರಲಿಲ್ಲ.

ನಮ್ಮ ಟಿಪ್ಪುವಿನ ಮರದ ಹುಲಿ ಅದು. ಹತ್ತಿರ ಹತ್ತಿರ 6 ಅಡಿ ಉದ್ದ. ಕೆಂಪು ಕೋಟು ಹಾಕಿದ ಬಿಳಿಯನೊಬ್ಬನನ್ನು ಕೆಡವಿಕೊಂಡು ಕುತ್ತಿಗೆಗೆ ಬಾಯಿ ಹಾಕಿದೆ. ಹೊಟ್ಟೆಯೊಳಗೆ ಒಂದು ಸಣ್ಣ ಆರ್ಗನ್ ಇದೆ. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತಿತ್ತು, ಕೆಳಗೆ ಬಿದ್ದವನು ನರಳುತ್ತಿದ್ದ, ಅವನ ಕೈ ಮೇಲೆ ಕೆಳಗೆ ಆಡುತ್ತಿತ್ತು. ನಾನು ಕನ್ನಡಕ ಹಾಕಿಕೊಂಡು ಪಕ್ಕದ ಫಲಕ ಓದಲು ಶುರುಮಾಡಿದೆ. ತಿರುಗಿ ನೋಡಿದರೆ ಚಿನ್ನು ಕಾಣುತ್ತಿಲ್ಲ. ಎದೆ ಧಸಕ್ಕೆಂದಿತು. ನೋಡಿದರೆ ಗಾಜಿನ ಪೆಟ್ಟಿಗೆ ಮುಂದೆ ನೆಲದ ಮೇಲೆ ಬೋರಲು ಮಲಗಿ ಗಲ್ಲಕ್ಕೆ ಕೈ ಕೊಟ್ಟುಕೊಂಡು ನೋಡುತ್ತಿದ್ದಾನೆ! ಏಳಿಸೋಣ ಅಂತ ಬಗ್ಗಿದೆ. "ಅಜ್ಜಿ, ಈ ಅಂಕಲ್ ಕಣ್ಣು ಬಿಟ್ಕೊಂಡೇ ಇದಾನೆ" ಅಂದ. ನಾನು ಫಲಕ ಪೂರ್ತಿ ಓದಿದ್ದೆ, ಆದರೆ ಆ ಕಣ್ಣನ್ನು ನೋಡಿರಲಿಲ್ಲ.

ಆಮೇಲೆ ಪ್ರಶ್ನೆಗಳು ಶುರುವಾದವು. ಈಗಲೂ ತಿರುಗಿಸಬಹುದಾ? ಇಲ್ಲ. ಮೊದಲು ಯಾರು ತಿರುಗಿಸ್ತಿದ್ರು? ಲಂಡನ್ನಿಗೆ ಬಂದ ಹೊಸದರಲ್ಲಿ ಇದು ಈಸ್ಟ್ ಇಂಡಿಯಾ ಕಂಪನಿಯ ಮ್ಯೂಸಿಯಂನಲ್ಲಿತ್ತು. ಅಲ್ಲಿ ನೋಡಲು ಬಂದವರೇ ತಿರುಗಿಸುತ್ತಿದ್ದರು. ಪಕ್ಕದ ಲೈಬ್ರರಿಯಲ್ಲಿ ಓದುತ್ತಾ ಕೂತವರಿಗೆ ಆ ಗುರುಗುಟ್ಟುವಿಕೆ ತಲೆನೋವಾಗಿತ್ತಂತೆ. ಅದನ್ನು ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು, ಸೂರು ಕುಸಿದು, ಈ ಹುಲಿ ನೂರಾರು ಚೂರಾಯಿತು, ಆಮೇಲೆ ಒಂದೊಂದೇ ಚೂರು ಜೋಡಿಸಿದರು ಅಂದೆ. ಸರಿ, ಎದ್ದ. ಗಾಜಿಗೆ ಮೂಗು ಒತ್ತಿಕೊಂಡು ಎಲ್ಲೆಲ್ಲಿ ಅಂಟಿಸಿದ್ದಾರೆ ಅಂತ ಹುಡುಕತೊಡಗಿದ. ಬಾಲದಿಂದ ಶುರುಮಾಡಿ ತಲೆಯವರೆಗೆ. ನನ್ನ ಗಡಿಯಾರದಲ್ಲಿ ಹದಿನೈದು ನಿಮಿಷ ಆಗಿತ್ತು. ಟಿವಿ ಮುಂದೆ ಬಿಟ್ಟರೆ ಬೇರೆಲ್ಲೂ ಹದಿನೈದು ನಿಮಿಷ ಕೂರದ ಹುಡುಗ ಅವನು, ಅಲ್ವಾ?

ಕಷ್ಟದ ಪ್ರಶ್ನೆ ಕೊನೆಗೆ ಬಂತು. "ಅಜ್ಜಿ, ಇದು ಯಾರದು?" ಶ್ರೀರಂಗಪಟ್ಟಣದ್ದು, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ ಅಂದೆ. 1799ರ ಮೇ 4ರಂದು ಯುದ್ಧದಲ್ಲಿ ಟಿಪ್ಪು ಸತ್ತ, ಗೆದ್ದವರು ಅರಮನೆಯಲ್ಲಿದ್ದದ್ದನ್ನೆಲ್ಲ ಹೊತ್ತುಕೊಂಡು ಬಂದರು ಅಂದೆ. "ಕೇಳಿ ತಗೊಂಡ್ರಾ?" ಇಲ್ಲ. "ಸಾರಿ ಹೇಳಿದ್ರಾ?" ನನಗೆ ಏನು ಹೇಳಬೇಕೋ ತೋಚಲಿಲ್ಲ. ನಿನಗೆ ತೋಚಿದರೆ ನೀನೇ ಹೇಳು. ಚಿಕ್ಕವನು, ಇದೆಲ್ಲ ಈಗಲೇ ಯಾಕೆ ಅಂತ ಮಾತ್ರ ಅನ್ನಬೇಡ. ಕೇಳಿದವನು ಅವನು.

ಬ್ಯಾಗಿನಲ್ಲಿದ್ದ ಪೆನ್ಸಿಲ್ಲು, ತರಕಾರಿ ಅಂಗಡಿ ಬಿಲ್ಲಿನ ಬೆನ್ನು ಕೊಟ್ಟೆ. ಹುಲಿಯ ಹಲ್ಲು, ಆ ಮನುಷ್ಯನ ಕೈ, ಇಷ್ಟೇ ಬರೆದ. ಬಿಲ್ಲು ಈಗ ನನ್ನ ಬೀರುವಿನ ಬಾಗಿಲಿಗೆ ಅಂಟಿಸಿದೆ. ಆಮೇಲೆ ಹಸಿವು ಅಂದ, ಹೊರಟು ಬಂದೆವು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ, ಬೇಕಾದರೆ ನಾಳೆಯೇ ಮತ್ತೆ ಬರಬಹುದು. ಹಾಗಿರುವಾಗ ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಅವಸರ ಯಾಕೆ?

ಈ ಬುದ್ಧಿ ನನಗೆ ನಿನ್ನ ಕಾಲದಲ್ಲಿ ಇರಲಿಲ್ಲ ಪುಟ್ಟಿ. ಅದನ್ನು ಹೇಳಲೆಂದೇ ಈ ಕಾಗದ.

ನಿನಗೆ ಏಳು ವರ್ಷ. ಬ್ಯಾಂಕಿನ ಕೆಲಸದಲ್ಲಿ ನನಗೆ ಸಿಗುತ್ತಿದ್ದದ್ದು ಒಂದು ಭಾನುವಾರ. ಟಿಕೆಟ್ ತೆಗೆದುಕೊಂಡಿದ್ದೇವೆ, ಎಲ್ಲ ನೋಡಲೇಬೇಕು ಅಂತ ಜಗನ್ಮೋಹನ ಅರಮನೆಯಲ್ಲಿ ನಿನ್ನ ಕೈ ಹಿಡಿದು ಕೋಣೆಯಿಂದ ಕೋಣೆಗೆ ಎಳೆದುಕೊಂಡು ಹೋದೆ. ಅಕ್ಕಿ ಕಾಳಿನ ಮೇಲೆ ಬರೆದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಬೇಕಿತ್ತು. ಅಪ್ಪ ನಿನ್ನನ್ನು ಎತ್ತಿ ಹಿಡಿದಿದ್ದರು. ನೀನು "ಇನ್ನೊಂದು ಸಲ" ಅಂದೆ. ನಾನು "ಬಾ, ಬಸ್ಸು ತಪ್ಪುತ್ತೆ" ಅಂದೆ. ಅವತ್ತು ನಾನು ಜಾಸ್ತಿ ಆಡಿದ ಮಾತು ಅದೇ ಇರಬೇಕು. ಅದು ಬಿಟ್ಟರೆ "ಮುಟ್ಟಬೇಡ".

ಆಮೇಲೆ ಕತ್ತಲೆ ಕೋಣೆಯ ದೀಪದ ಹುಡುಗಿ. ಒಂದು ಕೈಯಲ್ಲಿ ದೀಪ, ಗಾಳಿಗೆ ಆರದ ಹಾಗೆ ಇನ್ನೊಂದು ಕೈ ಅಡ್ಡ. ಬೆಳಕು ಬೆರಳ ಸಂದಿಯಲ್ಲಿ ತೂರಿ, ಬೆರಳೇ ಕೆಂಪಗೆ ಕೆಂಡದ ಹಾಗೆ ಕಾಣುತ್ತದೆ. "ನೋಡು, ರವಿವರ್ಮ ಬರೆದದ್ದು" ಅಂದೆ ನಾನು. ನೀನು ಸ್ಕೂಲಿನ ಪ್ರಬಂಧದಲ್ಲೂ ಹಾಗೇ ಬರೆದೆ. ಟೀಚರ್ ರೈಟ್ ಹಾಕಿದರು. ಮೂವರದ್ದೂ ತಪ್ಪು! ರವಿವರ್ಮನ ಚಿತ್ರಗಳೂ ಅದೇ ಅರಮನೆಯಲ್ಲಿವೆ, ಅದಕ್ಕೇ ಮೈಸೂರಿನ ಅರ್ಧ ಜನ ಈಗಲೂ ಹಾಗೇ ಅಂದುಕೊಂಡಿದ್ದಾರೆ. ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಣ್ಕರ್, 1945-46ರ ಸುಮಾರಿಗೆ. ಎಣ್ಣೆಬಣ್ಣ ಅಲ್ಲ, ನೀರುಬಣ್ಣ. ನೀರುಬಣ್ಣದಲ್ಲಿ ಬೆಳಕು ಬೇಕಾದ ಕಡೆ ಕಾಗದವನ್ನೇ ಖಾಲಿ ಬಿಡಬೇಕು. ಒಮ್ಮೆ ಬಣ್ಣ ಮೆತ್ತಿದರೆ ಆ ಬಿಳಿ ಹೋದ ಹಾಗೇ. ದೀಪ ಹಿಡಿದು ನಿಂತದ್ದು ಅವರ ಮಗಳು ಗೀತಾ. ಆಕೆ 102 ವರ್ಷ ಬದುಕಿ, 2018ರಲ್ಲಿ ತೀರಿಕೊಂಡರು. ಪೇಪರಿನಲ್ಲಿ ಅದನ್ನು ಓದಿದಾಗಲೇ ನನಗೆ ನನ್ನ ತಪ್ಪು ಗೊತ್ತಾಗಿದ್ದು.

ಹೆಸರು ತಪ್ಪು ಹೇಳಿದ್ದು ದೊಡ್ಡದಲ್ಲ ಬಿಡು. ಅವತ್ತು ರಾತ್ರಿ ಕರೆಂಟು ಹೋಗಿತ್ತು, ನೆನಪಿದೆಯಾ? ನೀನು ಟಾರ್ಚ್ ತೆಗೆದುಕೊಂಡು ಕಂಬಳಿಯೊಳಗೆ ಸೇರಿದ್ದೆ. ಅಂಗೈ ಕೆಳಗೆ ಟಾರ್ಚ್ ಇಟ್ಟು ಹಚ್ಚುವುದು, ಆರಿಸುವುದು. ಬೆರಳು ಕೆಂಪಗಾಗುತ್ತಿತ್ತು. ನಾನು ಕಂಬಳಿ ಎಳೆದು "ಸೆಲ್ಲು ಸುಡ್ತಾ ಇದೀಯಲ್ಲೇ" ಅಂತ ಬೈದು ಟಾರ್ಚ್ ಕಿತ್ತುಕೊಂಡೆ. ನೀನು ಆ ಚಿತ್ರ ಹೇಗೆ ಆಯಿತು ಅಂತ ನೋಡುತ್ತಿದ್ದೆ ಅನ್ನುವುದು ನನ್ನ ತಲೆಗೆ ಬರಲು ಇಷ್ಟು ವರ್ಷ ಬೇಕಾಯಿತು. ಚಿನ್ನು ಆ ಹುಲಿಯ ಮುಂದೆ ಮಲಗಿದಾಗ ಹೊಳೆಯಿತು.

ಅಂದಹಾಗೆ, ಬೆತ್ನಲ್ ಗ್ರೀನ್‌ನ ಯಂಗ್ ವಿ ಅಂಡ್ ಎ ಮ್ಯೂಸಿಯಂಗೆ ಇನ್ನೂ ಕರ್ಕೊಂಡು ಹೋಗಿಲ್ಲ ಅಂದೆಯಲ್ಲ, ಹೋಗು. 2023ರಲ್ಲಿ ಮಕ್ಕಳಿಗೆ ಅಂತಲೇ ಹೊಸದಾಗಿ ಮಾಡಿ ತೆರೆದಿದ್ದಾರೆ, ಅಲ್ಲಿ ಮುಟ್ಟಿ ಆಡಲೂಬಹುದು. ರೇಚಲ್ ವೈಟ್‌ರೀಡ್ ಅನ್ನುವ ಶಿಲ್ಪಿ ಹಳೇ ಗೊಂಬೆಮನೆಗಳನ್ನು ಕೂಡಿಸಿಟ್ಟು ಒಂದು ಊರನ್ನೇ ಕಟ್ಟಿದ್ದಾರೆ. ಒಳಗೆ ದೀಪ ಉರಿಯುತ್ತಿರುತ್ತದೆ, ಗೊಂಬೆಗಳು ಮಾತ್ರ ಒಂದೂ ಇಲ್ಲ. ಫೋಟೋ ತೋರಿಸಿದಾಗ ಚಿನ್ನು "ಯಾರೂ ಇಲ್ದೆ ಲೈಟ್ ಯಾಕೆ ಹಾಕಿದಾರೆ, ನೀನು ಬೈಯಲ್ವಾ?" ಅಂದಿದ್ದ. ನೆಲವನ್ನೂ ತೋರಿಸು. ಮೀನಿನ ಹುರುಪೆಯ ಹಾಗೆ ಜೋಡಿಸಿದ ಆ ಕಲ್ಲಿನ ಚೂರುಗಳನ್ನು ಮಾಡಿದ್ದು ವೋಕಿಂಗ್ ಜೈಲಿನಲ್ಲಿದ್ದ ಹೆಂಗಸರು.

ಇನ್ನು ಡಿಸೆಂಬರ್ ವಿಷಯ. ಬೆಂಗಳೂರಿನಲ್ಲಿ ಇಳಿದ ಮಾರನೇ ದಿನ ಕಸ್ತೂರ್ಬಾ ರಸ್ತೆಯಲ್ಲಿ ಹೊಸದಾಗಿ ಬಂದಿರುವ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಗೆ ಹೋಗಿ ಬನ್ನಿ. ಒಳಗೆ ಹೋಗುವ ಮೊದಲು ಹೊರಗೆ ನಿಂತು ಕಟ್ಟಡ ನೋಡಲಿ. ಮೈತುಂಬ ಉಕ್ಕಿನ ಹಲಗೆ, ಒಂದೊಂದರ ಮೇಲೂ ಇಂಟು ಮಾರ್ಕು ಅಚ್ಚೊತ್ತಿದೆ. ರೈಲ್ವೆ ಸ್ಟೇಷನ್ನಿನಲ್ಲಿ ಎತ್ತರಕ್ಕೆ ನಿಲ್ಲಿಸಿರುತ್ತಿದ್ದ ಹಳೇ ನೀರಿನ ಟ್ಯಾಂಕಿನ ಥರ. ಅದು ಯಾವುದರ ಹಾಗಿದೆ ಅಂತ ನೀನು ಮೊದಲೇ ಬಾಯಿ ಬಿಡಬೇಡ.

ಮೈಸೂರಿಗೆ ಬರುವಾಗ ಚನ್ನಪಟ್ಟಣದಲ್ಲಿ ಕಾರು ನಿಲ್ಲಿಸಿ. ಅಂಗಡಿ ಮುಂದೆ ಅಲ್ಲ, ಬುಗುರಿ ಕಡೆಯುವವರ ಹತ್ತಿರ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕುಂಚವೂ ಇಲ್ಲ, ಒಣಗುವವರೆಗೆ ಕಾಯುವುದೂ ಇಲ್ಲ. ಕಡೆದು ಮುಗಿದ ಬುಗುರಿ ಇನ್ನೂ ಬೆಚ್ಚಗಿರುತ್ತದೆ. ಅದನ್ನು ಅವನ ಕೈಗೆ ಕೊಡಿಸು.

ಜಗನ್ಮೋಹನಕ್ಕೆ ನಾನೇ ಕರ್ಕೊಂಡು ಹೋಗುತ್ತೇನೆ. ನೀನು ಬೇಕಾದರೆ ಮನೆಯಲ್ಲಿ ನಿದ್ದೆ ಮಾಡು. ನೋಡುವುದು ಎರಡೇ, ಅಕ್ಕಿ ಕಾಳು ಮತ್ತು ದೀಪದ ಹುಡುಗಿ. ಅಕ್ಕಿ ಕಾಳನ್ನು ಎಷ್ಟು ಸಲ ಬೇಕಾದರೂ ನೋಡಲಿ. ನನ್ನ ಸೊಂಟಕ್ಕೆ ಅವನನ್ನು ಎತ್ತಲು ಆಗುವುದಿಲ್ಲ, ಅಳಿಯಂದಿರು ಜೊತೆಗೆ ಬರಲಿ. ಹಿಂದಿನ ರಾತ್ರಿ ಲೈಟೆಲ್ಲ ಆರಿಸೋಣ. ನಿನ್ನ ಹಳೇ ಟಾರ್ಚ್ ಅಟ್ಟದ ಮೇಲೆ ಸಿಕ್ಕಿತು. ಹೊಸ ಸೆಲ್ಲು ಹಾಕಿಸಿ ಇಟ್ಟಿದ್ದೇನೆ, ಇನ್ನೊಂದು ಜೊತೆಯನ್ನೂ ತಂದಿದ್ದೇನೆ. ಸುಡಲಿ.

ಇಂತಿ,
ನಿನ್ನ ಅಮ್ಮ